ಗಂಟುರೊಟ್ಟಿ

ಹೂವಪ್ಪ ಚಟ್ಟದ ಮೂರನೆಯ ಅಡ್ಡಪಟ್ಟಿಯನ್ನು ಕಟ್ಟುತ್ತಿದ್ದ. ಹಗ್ಗದ ಒಂದು ತುದಿಯನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ, ಇನ್ನೊಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಎಳೆಯುತ್ತಿದ್ದ. ಅದು ಒಬ್ಬನ ಕೆಲಸವಲ್ಲ; ಬಿದಿರು ಹಿಡಿಯುವುದಕ್ಕೆ ಒಬ್ಬ, ಬಿಗಿಯುವುದಕ್ಕೆ ಒಬ್ಬ ಬೇಕು. ಹಿಡಿಯಬಲ್ಲವರೆಲ್ಲ ಇಪ್ಪತ್ತು ಮಾರು ಆಚೆ, ಹಲಸಿನ ಮರದ ಕೆಳಗೆ, ಮೊಣಕಾಲು ಅಪ್ಪಿಕೊಂಡು ಕುಳಿತಿದ್ದರು.

ಮುಕುಂದಯ್ಯ ಮೇಷ್ಟ್ರು ಬೇಲಿಯ ಉಣುಗೋಲು ದಾಟುವಾಗಲೇ ಅವರನ್ನು ಎಣಿಸಿದ್ದರು. ಹನ್ನೊಂದು ಜನ. ನೆಲ್ಲಿಗದ್ದೆಯ ದೀವರ ಕೇರಿಯಲ್ಲಿ ಇರುವುದು ಹನ್ನೆರಡು ಮನೆ, ಮನೆಗೊಬ್ಬರಂತೆ ಬಂದಿದ್ದರು. ಹನ್ನೆರಡನೆಯ ಮನೆ ಇದು. ಹದಿನೈದು ತಿಂಗಳಿಂದ ಕೇರಿಯ ಲೆಕ್ಕಕ್ಕೆ ಸೇರದ ಮನೆ.

ಜಗಲಿಯ ಮೇಲೆ ಚಾಪೆಯಲ್ಲಿ ಗುತ್ಯಮ್ಮ ಮಲಗಿದ್ದಳು. ಅರವತ್ತೊಂದು ವರ್ಷದ ಮೈ ಚಾಪೆಯ ಅರ್ಧವನ್ನೂ ತುಂಬಿರಲಿಲ್ಲ. ತಲೆಯ ಹತ್ತಿರ ಸೊಸೆ ಕನ್ನಮ್ಮ ಗೋಡೆಗೆ ಒರಗಿ ಕುಳಿತಿದ್ದಳು. ಕಾಲಿನ ಹತ್ತಿರ ಪಕ್ಕದ ಮನೆಯ ಮಾಸ್ತಮ್ಮ, ಎಂಬತ್ತು ದಾಟಿದ ಮುದುಕಿ, ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಮೇಷ್ಟ್ರು ಬಂದ್ರಾ? ಬನ್ನಿ" ಎಂದಳು ಮಾಸ್ತಮ್ಮ. "ನಂಗೆ ಬರಬೇಡ ಅಂದಿದಾರೆ ಅವ್ರು. ಬಂದ್ರೆ ನನ್ನನ್ನೂ ಜಾತಿಯಿಂದ ಹೊರಗೆ ಹಾಕ್ತಾರಂತೆ. ಹಾಕ್ಲಿ. ನನ್ನತ್ರ ಉಳಿದಿದ್ದು ಎರಡು ಹಲ್ಲು, ಅದನ್ನ ಒಳಗಿಟ್ಕೊಂಡು ಅವ್ರು ಎಂತ ಮಾಡ್ತಾರೆ?"

ಮೇಷ್ಟ್ರು ಚಪ್ಪಲಿ ಬಿಟ್ಟು ಜಗಲಿಯ ಅಂಚಿಗೆ ಬಂದು ನಿಂತರು. ಶಾಲೆಯ ಹಾಜರಿ ಕೂಗಿ, ಸಹಾಯಕ ಮೇಷ್ಟ್ರಿಗೆ ತರಗತಿ ಒಪ್ಪಿಸಿ ಬಂದಿದ್ದರು. ಮುಖ ನೋಡುವುದು, ಮಗನಿಗೆ ಎರಡು ಮಾತು ಹೇಳುವುದು, ಹನ್ನೆರಡು ಗಂಟೆಗೆ ಮೊದಲು ಮರಳುವುದು. ದಾರಿಯಲ್ಲಿ ಅವರು ಹಾಕಿಕೊಂಡ ಲೆಕ್ಕ ಇಷ್ಟೇ.

"ಯಾವಾಗ ಹೋದದ್ದು?"

"ಬೆಳಗಿನ ಜಾವ" ಎಂದಳು ಕನ್ನಮ್ಮ. "ಸಂಜೆ ಗಂಜಿ ಕುಡಿದಿದ್ರು. ಸಾಕು ಅಂದ್ರು. ಗಂಜಿಗೆ ಅಂದ್ರೇನೋ ಅಂದ್ಕೊಂಡೆ."

ಮೇಷ್ಟ್ರು ಅಂಗಳಕ್ಕಿಳಿದು ಹೂವಪ್ಪನ ಎದುರಿಗೆ ನಿಂತರು. "ಎಷ್ಟು ಹೊತ್ತಿಗೆ ಎತ್ತುವುದು?"

ಹೂವಪ್ಪ ಹಲ್ಲಿನಿಂದ ಹಗ್ಗ ಬಿಡಿಸಿದ. "ಎತ್ತೋಕೆ ಹೆಗಲು ನಾಲ್ಕು ಬೇಕಲ್ಲ ಮೇಷ್ಟ್ರೇ. ಇರೋದು ಎರಡು. ನಂದೊಂದು, ಹೆಂಡ್ತಿ ಅಣ್ಣ ಬೆಳ್ಳಪ್ಪಂದೊಂದು. ಅವ್ನು ಕೆಳದಿಯಿಂದ ಬಂದಿದಾನೆ, ಸೌದೆ ಹೊರ್ತಾ ಇದಾನೆ."

"ಅವರೆಲ್ಲ?"

"ಅವ್ರು ಏಳೋದು ಯಜಮಾನ ಸೀತಾರಾಮಪ್ಪ ಹೂಂ ಅಂದ್ರೆ. ಸೀತಾರಾಮಪ್ಪ ಹೂಂ ಅನ್ನೋದು ಅವ್ವ ತಪ್ಪಾಯ್ತು ಅಂದ್ರೆ. ಅವ್ವನ್ನ ನೀವೇ ಕೇಳಿ ನೋಡಿ."

ಹೂವಪ್ಪ ಮತ್ತೆ ಹಗ್ಗ ಕಚ್ಚಿದ. ಮೇಷ್ಟ್ರು ಬಗ್ಗಿ ಬಿದಿರು ಹಿಡಿಯಲು ಕೈ ನೀಡಿದರು. ಹೂವಪ್ಪ ಚಟ್ಟವನ್ನು ತನ್ನತ್ತ ಎಳೆದುಕೊಂಡ.

*

ಅರವತ್ತಾರನೆಯ ಇಸವಿಯ ಜೂನ್‌ನಲ್ಲಿ ಶಾಲೆಗೆ ಅಕ್ಕಿ ಬರಲಿಲ್ಲ; ಗೋಧಿಹಿಟ್ಟು ಬಂತು. ಊರಿನಲ್ಲೇ ಅಕ್ಕಿಗೆ ತತ್ವಾರವಿದ್ದ ವರ್ಷ. ಹೊಸನಗರದಿಂದ ಗಾಡಿಯ ಮೇಲೆ ಆರು ಮೂಟೆ ಬಿಳಿ ಹಿಟ್ಟು, ಎರಡು ಡಬ್ಬಿ ಹಾಲಿನ ಪುಡಿ ಇಳಿದವು. ಮಕ್ಕಳ ಮಧ್ಯಾಹ್ನದ ಊಟಕ್ಕೆ ಬಳಸತಕ್ಕದ್ದು ಎಂಬ ಕಾಗದವೂ ಇತ್ತು. ಹೇಗೆ ಬಳಸತಕ್ಕದ್ದು ಎಂದು ಅದರಲ್ಲಿ ಇರಲಿಲ್ಲ. ಶಾಲೆಯ ಅಡಿಗೆಗೆ ಇದ್ದ ಗುತ್ಯಮ್ಮ ಅದನ್ನು ಗಂಜಿ ಮಾಡಿದಳು. ಮಕ್ಕಳು ಒಂದು ತುತ್ತು ನುಂಗಿ, ಉಳಿದದ್ದರಿಂದ ಹರಿದ ಪುಸ್ತಕಗಳಿಗೆ ರಟ್ಟು ಅಂಟಿಸಿಕೊಂಡರು. ಹಾಜರಿ ನಲವತ್ತರಿಂದ ಇಪ್ಪತ್ತಮೂರಕ್ಕೆ ಇಳಿಯಿತು.

"ಇದು ಗಂಜಿ ಹಿಟ್ಟಲ್ಲ ಮೇಷ್ಟ್ರೇ" ಎಂದಳು ಗುತ್ಯಮ್ಮ. "ಸುಡೋ ಹಿಟ್ಟು. ನಾನು ಹುಡುಗಿಯಾಗಿದ್ದಾಗ ಮಂಗ್ಳೂರಲ್ಲಿ ಒಬ್ರು ಬಿಳಿ ದೊರೆಗಳ ಮನೇಲಿ ಐದು ವರ್ಷ ಪಾತ್ರೆ ತೊಳೆದಿದೀನಿ. ಅಮ್ಮನೋರು ಭಾನುವಾರ ಗಂಟುರೊಟ್ಟಿ ಮಾಡೋರು. ಅವ್ರ ಮಕ್ಕಳ ಜೊತೆ ನಾನೂ ಹೊಸೀತಿದ್ದೆ. ಕೈ ಇನ್ನೂ ಮರ್ತಿಲ್ಲ."

ಅವಳು ಸೀಮೆಎಣ್ಣೆಯ ಹಳೆಯ ಡಬ್ಬವೊಂದನ್ನು ಕೊಯ್ದು ಅಡ್ಡ ಮಲಗಿಸಿ, ಕೆಳಗೊಂದಿಷ್ಟು ಮೇಲೊಂದಿಷ್ಟು ಕೆಂಡ ಹರಡಿ ಒಲೆ ಮಾಡಿಕೊಂಡಳು. ಹಿಟ್ಟು ನಾದಿ, ನಿಂಬೆಗಾತ್ರದ ಉಂಡೆ ಮಾಡಿ ಹಲಗೆಯ ಮೇಲಿಟ್ಟಳು. ಆದರೆ ರೊಟ್ಟಿಯನ್ನು ತಾನು ಹೊಸೆಯಲಿಲ್ಲ. ಮಕ್ಕಳ ಕೈಗೇ ಕೊಟ್ಟಳು. ಅದರ ಹಿಂದೆ ಒಂದು ಯೋಚನೆ ಇತ್ತು. ಗೌಡರ ಮನೆಯ ಮಕ್ಕಳು, ದೇವಸ್ಥಾನದ ಭಟ್ಟರ ಮಗ, ಯಾರೇ ದೀವರ ಹೆಂಗಸು ಮಾಡಿದ ರೊಟ್ಟಿ ತಿಂದರೂ ಮನೆಯಲ್ಲಿ ವಿಚಾರಣೆ ತಪ್ಪದು. ತಾನೇ ಹೊಸೆದದ್ದನ್ನು ತಾನೇ ತಿಂದೆ ಎಂದರೆ ಯಾವ ಮನೆಯವರೂ ಬಾಯಿ ತೆರೆಯುವಂತಿರಲಿಲ್ಲ. ಮೇಷ್ಟ್ರು ಅದನ್ನು ಒಳ್ಳೆಯ ಲೆಕ್ಕವೆಂದು ಮನಸ್ಸಿನಲ್ಲೇ ಮೆಚ್ಚಿದರು.

"ಅಜ್ಜೀ, ನಂದು ಹಾವಿನ ಥರ ಆಯ್ತು" ಎಂದ ಭಟ್ಟರ ಮಗ ಹೇರಂಬ.

"ಆಗ್ಲಿ ಬಿಡು. ಕಚ್ಚೋನು ನೀನೇ ಅಲ್ವ?" ಎಂದಳು ಗುತ್ಯಮ್ಮ. "ಈಗ ಎರಡೂ ತುದಿ ಮೇಲೆ ತಗೊ. ಒಂದ್ಸಲ ತಿರುವು. ಇನ್ನು ಎದೆ ಮೇಲೆ ಕೈ ಕಟ್ಸು. ಮಗ್ಗಿ ತಪ್ಪಿದಾಗ ಮೇಷ್ಟ್ರ ಮುಂದೆ ನಿಲ್ತೀಯಲ್ಲ, ಹಂಗೆ."

"ಹದಿಮೂರರ ಮಗ್ಗಿಯಾ, ಹದಿನೇಳರದ್ದಾ?"

"ಎರಡೂ ತಪ್ಪಿದಂಗೆ ಬಿಗಿಯಾಗಿ ಕಟ್ಸು."

ಹೀಗೆ ಹಲಗೆಯ ಮೇಲೆ ಕೈಕಟ್ಟಿ ನಿಂತ ಇಪ್ಪತ್ತಮೂರು ರೊಟ್ಟಿಗಳನ್ನು ಅವಳು ಕುದಿಯುವ ಸೋಡಾ ನೀರಿನಲ್ಲಿ ಒಂದೊಂದು ಮುಳುಗು ಹಾಕಿಸಿ, ಮೇಲೆ ಹರಳುಪ್ಪು ಉದುರಿಸಿ, ಡಬ್ಬದೊಳಗೆ ಸರಿಸಿದಳು. ಬಣ್ಣವೇನೋ ಬಂತು. ಆದರೆ ರೊಟ್ಟಿ ಕಲ್ಲಾಗಿತ್ತು. ಹೇರಂಬ ತನ್ನದನ್ನು ಬೆಂಚಿಗೆ ಬಡಿದು ಶಾಲೆ ಬಿಡುವ ಗಂಟೆಯ ಸದ್ದು ಹೊರಡಿಸಿದ.

ಮರುದಿನದ ರೊಟ್ಟಿ ಹತ್ತಿಯಂತಿತ್ತು. ಮಕ್ಕಳು ಅದನ್ನು ಹರಿದು ಹಬೆ ಊದಿ ತಿಂದರು. ಕೆಲವರು ಅರ್ಧವನ್ನು ಚಡ್ಡಿಯ ಜೇಬಿನಲ್ಲಿ ಮನೆಗೆ ಒಯ್ದರು. ಮೇಷ್ಟ್ರು ಅಡಿಗೆಯ ಚಪ್ಪರಕ್ಕೆ ಹೋದರು.

"ನಿನ್ನೆ ಕಲ್ಲು, ಇವತ್ತು ಹತ್ತಿ. ನಡುವೆ ಏನು ಕೂಡಿಸಿದೆ?"

ಗುತ್ಯಮ್ಮ ಒಲೆಯ ಹಿಂದಿನ ಮಡಕೆಯ ಬಾಯಿಂದ ಬಾಳೆ ಎಲೆ ಸರಿಸಿದಳು. ಹುಳಿವಾಸನೆ ಬಂತು. "ಬಗನಿ ಹೆಂಡ. ಮನೆ ಹಿಂದಿನ ಮರದ್ದು. ಹೂವಪ್ಪ ಇಳಿಸಿಕೊಟ್ಟ. ಅಮ್ಮನೋರು ಹಾಕ್ತಿದ್ದಿದ್ದೂ ಹೆಂಡವೇ. ರಾತ್ರಿ ಬೆರೆಸಿಟ್ರೆ ಬೆಳಿಗ್ಗೆ ಹಿಟ್ಟು ಎದ್ದು ಕೂರುತ್ತೆ. ಬೆಂಕಿಗೆ ಹೋದ್ಮೇಲೆ ಅದ್ರಲ್ಲಿ ಎಂತ ಉಳಿಯುತ್ತೆ ಮೇಷ್ಟ್ರೇ?"

ಅಲ್ಲಿಯೇ ಬೇಡವೆಂದಿದ್ದರೆ ಆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಮೇಷ್ಟ್ರು ಹೊರಗೆ ನೋಡಿದರು. ಬಾರದೆ ಉಳಿದಿದ್ದ ಮಕ್ಕಳಲ್ಲಿ ಐವರು ಸುದ್ದಿ ಕೇಳಿ ಬೇಲಿಯ ಹತ್ತಿರ ಬಂದು ನಿಂತಿದ್ದರು. ಮೇಷ್ಟ್ರು ಜೇಬಿನಿಂದ ಸೀಮೆಸುಣ್ಣ ತೆಗೆದು ಹಿಟ್ಟಿನ ಹಲಗೆಯ ಮೂಲೆಯಲ್ಲಿ ಬರೆದರು: ಸೇರಿಗೆ ಒಂದು ಸೌಟು.

"ಇದಕ್ಕಿಂತ ಹೆಚ್ಚು ಬೇಡ. ಮಡಕೆ ಯಾರಿಗೂ ಕಾಣಬಾರದು."

"ಅಂದ್ರೆ ಹಾಕ್ಬಹುದು ಅಂತಲಾ?"

"ನಾನು ಪ್ರಮಾಣ ಹೇಳಿದ್ದೇನೆ" ಎಂದರು ಮೇಷ್ಟ್ರು.

*

ಹಲಸಿನ ಮರದ ನೆರಳು ಕುಗ್ಗಿ ಬುಡಕ್ಕೆ ಬಂದಿತ್ತು. ಹನ್ನೊಂದು ಜನರೂ ನೆರಳಿನ ಜೊತೆ ಸರಿದು ಒತ್ತಾಗಿ ಕುಳಿತಿದ್ದರು. ಮೇಷ್ಟ್ರು ಹತ್ತಿರ ಬರುವುದನ್ನು ನೋಡಿ ಒಬ್ಬ, "ಹಾಜರಿ ತಗೊಳೋಕೆ ಬಂದ್ರಾ ಮೇಷ್ಟ್ರು? ಎಲ್ರೂ ಇದೀವಿ" ಎಂದ. ಯಾರೂ ನಗಲಿಲ್ಲ.

ಕೇರಿಯ ಯಜಮಾನ ಸೀತಾರಾಮಪ್ಪ ನಡುವೆ ಕುಳಿತಿದ್ದ. ಅರವತ್ತರ ಆಳು, ಬಲಗೈಯ ಎರಡು ಬೆರಳು ಮಡಚುತ್ತಿರಲಿಲ್ಲ. ಪ್ರಾಯದಲ್ಲಿ ಮರದಿಂದ ಬಿದ್ದ ಗುರುತು ಅದು.

"ಸತ್ತವಳ ಮೇಲೆ ಹಟವೇನು ಸೀತಾರಾಮಪ್ಪ?" ಎಂದರು ಮೇಷ್ಟ್ರು.

"ಹಟ ಅವಳದ್ದು, ನಂದಲ್ಲ" ಎಂದ ಸೀತಾರಾಮಪ್ಪ. "ಅರವತ್ತೈದರಲ್ಲಿ ನಾವು ಹನ್ನೆರಡು ಮನೆಯೋರೂ ದೇವಿ ಮುಂದೆ ನಿಂತು ಮಾತು ಕೊಟ್ವಿ. ಹೆಂಡ ಇಳಿಸಲ್ಲ, ಕುಡಿಯಲ್ಲ, ಮನೇಲಿ ಇಡಲ್ಲ. ಯಾಕೆ ಕೊಟ್ವಿ ಗೊತ್ತಲ್ಲ ನಿಮ್ಗೆ? ನಮ್ಮಪ್ಪ ಮರದಿಂದ ಬಿದ್ದೇ ಸತ್ತ. ಊರೋರು ನಮ್ಮ ಹೆಸರು ಹಿಡಿದು ಕರೀತಿರ್ಲಿಲ್ಲ, ಹೆಂಡದೋರೇ ಅಂತಿದ್ರು. ಬಿಟ್ವಿ. ನಮ್ಮ ಮಕ್ಕಳಾದ್ರೂ ಹಲಗೆ ಹಿಡೀಲಿ ಅಂತ ಬಿಟ್ವಿ. ಬಿಟ್ಟು ಇನ್ನೂ ಒಂದೂವರೆ ವರ್ಷ ಆಗಿರ್ಲಿಲ್ಲ, ಶಾಲೆ ಒಳಗೇ ಮಡಕೆ ಸಿಕ್ತು, ಅದೂ ನಮ್ಮವಳ ಕೈಲಿ. ಆವತ್ತು ವಾಸಪ್ಪಗೌಡ್ರು ಎಂತ ಅಂದ್ರು? ಬಿಡ್ತೀವಿ ಅಂದೋರು ಮಕ್ಕಳಿಗೆ ಕಲಿಸ್ತಾ ಇದಾರೆ ಅಂದ್ರು. ನಾವು ತಲೆ ತಗ್ಗಿಸಿ ಕೇಳ್ಕೊಂಡು ಬಂದ್ವಿ."

ಸೀತಾರಾಮಪ್ಪ ಜಗಲಿಯ ಕಡೆ ಕೈ ತೋರಿಸಿದ.

"ತಪ್ಪಾಯ್ತು ಅಂತ ಒಂದು ಮಾತು ಹೇಳು ಅಂದೆ. ಹೇಳ್ಲಿಲ್ಲ. ಕುಡಿಯೋಕೆ ಇಳಿಸಿದ್ದಲ್ಲ, ತಪ್ಪಾಯ್ತು ಅಂತ ಯಾಕನ್ಲಿ ಅಂದ್ಲು. ಹಂಗಾದ್ರೆ ಯಾರ ಮಾತಿನ ಮೇಲೆ ಇಳಿಸ್ದೆ ಅಂದೆ. ಯಾರೂ ಹೇಳಿದ್ದಲ್ಲ ಅಂದ್ಲು. ಮುಗೀತಲ್ಲ ಮೇಷ್ಟ್ರೇ. ಯಾರೂ ಹೇಳದೆ, ತಾನೇ ಮಾತು ಮುರಿದ ಮನೆ ಹೆಣಕ್ಕೆ ಹೆಗಲು ಕೊಟ್ರೆ ನಾಳೆ ಈ ಹನ್ನೊಂದು ಮನೇಲೂ ಒಂದೊಂದು ಮಡಕೆ ಬರುತ್ತೆ."

*

ಅರವತ್ತಾರರ ನವೆಂಬರಿನ ಒಂದು ಮಧ್ಯಾಹ್ನ ಶಾಲಾ ಸಮಿತಿಯ ಅಧ್ಯಕ್ಷ ವಾಸಪ್ಪಗೌಡರ ಮೊಮ್ಮಗಳು ತರಗತಿಯಲ್ಲೇ ವಾಂತಿ ಮಾಡಿಕೊಂಡಳು. ಆ ದಿನ ಗಂಟುರೊಟ್ಟಿ ತಿಂದ ಮಕ್ಕಳು ಮೂವತ್ತೊಂಬತ್ತು; ವಾಂತಿ ಮಾಡಿದ್ದು ಒಂದು. ಆ ಒಂದು ಮಗು ಬೆಳಿಗ್ಗೆಯೇ ಮೈ ಬೆಚ್ಚಗಿದೆ ಎಂದು ಹೇಳಿದ್ದು ಹಾಜರಿ ಪುಸ್ತಕದಲ್ಲಿ ಮೇಷ್ಟ್ರ ಕೈಯಲ್ಲೇ ಬರೆದಿತ್ತು.

ಗೌಡರು ಬಂದರು. ಹಿಂದೆ ಊರೂ ಬಂತು. ಯಾರೋ ಒಲೆಯ ಹಿಂದಿನ ಮಡಕೆಯನ್ನು ಎತ್ತಿ ತಂದು ಶಾಲೆಯ ಮೆಟ್ಟಿಲ ಮೇಲಿಟ್ಟರು. ಹಿಟ್ಟಿನ ಹಲಗೆಯ ಮೇಲಿನ ಅಕ್ಷರವನ್ನು ಮೇಷ್ಟ್ರು ಅಷ್ಟರೊಳಗೆ ಅಂಗೈಯಿಂದ ಒರೆಸಿದ್ದರು.

"ಮುಕುಂದಯ್ಯ, ಇದು ನಿಮಗೆ ಗೊತ್ತಿತ್ತಾ?" ಎಂದರು ಗೌಡರು.

ಮೂವತ್ತು ವರ್ಷದ ನೌಕರಿ. ಉಳಿದದ್ದು ಮೂರು. ಮೆಟ್ಟಿಲ ಕೆಳಗೆ ಅರವತ್ತು ಎಪ್ಪತ್ತು ಜನ ನಿಂತಿದ್ದರು. ಉತ್ತರವನ್ನು ಮೇಷ್ಟ್ರು ಆಲೋಚಿಸಿ ಹೇಳಲಿಲ್ಲ. ಅದು ಅವರಿಗಿಂತ ಮೊದಲೇ ಹೊರಗೆ ಬಂದಿತ್ತು.

"ಗೊತ್ತಿರಲಿಲ್ಲ."

ಗುತ್ಯಮ್ಮ ಚಪ್ಪರದ ಕಂಬದ ಹತ್ತಿರ ನಿಂತಿದ್ದಳು. ಮೊಣಕೈಯವರೆಗೆ ಹಿಟ್ಟು ಮೆತ್ತಿತ್ತು. ಅವಳು ಮೇಷ್ಟ್ರನ್ನು ಒಮ್ಮೆ ನೋಡಿದಳು. ಕಲಿಸಿದ ಲೆಕ್ಕವನ್ನು ಮಗುವೊಂದು ತಪ್ಪು ಮಾಡಿದಾಗ ಅವರೇ ನೋಡುವ ನೋಟ ಅದು, ಸಿಟ್ಟಿರಲಿಲ್ಲ.

"ಮೇಷ್ಟ್ರಿಗೆ ಹೆಂಗೆ ಗೊತ್ತಿರುತ್ತೆ" ಎಂದಳು. "ಅವ್ರು ಒಲೆ ಹತ್ತಿರ ಬರೋರಲ್ಲ. ನಾನೇ ಹಾಕಿದ್ದು."

ಮರುದಿನದಿಂದ ಶಾಲೆಯಲ್ಲಿ ಮತ್ತೆ ಗಂಜಿ, ಬೇರೆಯವರ ಕೈಯದು. ಗುತ್ಯಮ್ಮ ಎದುರಾದಾಗ ಮಕ್ಕಳು ದಾರಿಯ ಆಚೆ ಬದಿಗೆ ಸರಿಯತೊಡಗಿದರು. ಮನೆಯಲ್ಲಿ ಹಾಗೆ ಹೇಳಿಕೊಟ್ಟಿದ್ದರು. ಮೇಷ್ಟ್ರು ಮಾತ್ರ ಸರಿಯಲಿಲ್ಲ. ಅವಳು ಬರುವ ಹೊತ್ತನ್ನು ಗುರುತಿಟ್ಟುಕೊಂಡು ಆ ದಾರಿಯನ್ನೇ ಬಿಟ್ಟರು.

*

"ಯಾರೂ ಹೇಳದೆ ಅಲ್ಲ" ಎಂದರು ಮೇಷ್ಟ್ರು.

ಸೀತಾರಾಮಪ್ಪ ತಲೆ ಎತ್ತಿದ.

"ನಾನು ಹೇಳಿದ್ದು. ಸೇರಿಗೆ ಒಂದು ಸೌಟು ಎಂದು ಹಲಗೆಯ ಮೇಲೆ ಬರೆದುಕೊಟ್ಟದ್ದು ನಾನು. ಮೊದಲ ವಾರದಿಂದಲೇ ನನಗೆ ಗೊತ್ತಿತ್ತು. ಆಮೇಲಿನದೆಲ್ಲ ಅವಳು ನನ್ನನ್ನು ಕೇಳಿಯೇ ಹಾಕಿದ್ದು."

ಮರದ ಕೆಳಗೆ ಬೀಡಿ ಸೇದುತ್ತಿದ್ದವನು ಅದನ್ನು ನೆಲಕ್ಕೆ ಒತ್ತಿ ಆರಿಸಿದ. ಅಂಗಳದಲ್ಲಿ ಹೂವಪ್ಪನ ಕೈ ನಿಂತಿತು. ಸೌದೆ ಇಳಿಸಿ ಬಂದ ಬೆಳ್ಳಪ್ಪ ಉಣುಗೋಲಿನ ಹತ್ತಿರವೇ ನಿಂತ.

ಸೀತಾರಾಮಪ್ಪ ಮೇಷ್ಟ್ರ ಕಡೆ ತಿರುಗಿ ಕುಳಿತ. "ಆವತ್ತು ಮೆಟ್ಟಿಲ ಮೇಲೆ ಗೊತ್ತಿಲ್ಲ ಅಂದ್ರಿ. ಇವತ್ತು ಗೊತ್ತಿತ್ತು ಅಂತೀರಿ. ಎರಡ್ರಲ್ಲಿ ಒಂದು ಸುಳ್ಳು. ಯಾವುದು ಅಂತ ನಾವು ಹೆಂಗೆ ತಿಳ್ಕೊಳ್ಳೋದು?"

ಪ್ರಶ್ನೆ ಸರಿಯಾಗಿತ್ತು. ಮೇಷ್ಟ್ರಿಗೆ ಅದರಲ್ಲಿ ಹಿಡಿಯಲು ಒಂದು ತಪ್ಪೂ ಸಿಗಲಿಲ್ಲ. "ಬರೆದದ್ದನ್ನು ನಾನೇ ಒರೆಸಿದೆ" ಎಂದರು. "ತೋರಿಸುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ."

"ನಮ್ಮಲ್ಲಿ ಒಂದಿದೆ" ಎಂದ ಸೀತಾರಾಮಪ್ಪ. "ಚಟ್ಟಕ್ಕೆ ಹೆಗಲು ಕೊಟ್ಟು ಆಡಿದ ಮಾತನ್ನ ನಾವು ಸುಳ್ಳು ಅನ್ನಲ್ಲ. ಹೆಗಲು ಕೊಟ್ಟು ಹೇಳ್ತೀರಾ?"

"ಸೀತಾರಾಮಣ್ಣ" ಎಂದ ಪಕ್ಕದವನು ತಗ್ಗಿದ ದನಿಯಲ್ಲಿ, "ಅವ್ರು ಗೌಡ್ರ ಪೈಕಿ. ನಮ್ಮ ಹೆಣಕ್ಕೆ... ಅದು ಆಗೋ ಮಾತಲ್ಲ ಮಾರಾಯ."

"ಆಗೋ ಮಾತಲ್ಲ ಅಂತ ನಂಗೂ ಗೊತ್ತು. ಅದ್ಕೇ ಕೇಳಿದ್ದು."

ಸುಡುಗಾಡಿಗೆ ಹೋಗುವ ದಾರಿ ವಾಸಪ್ಪಗೌಡರ ಮನೆಯ ಮುಂದೆಯೇ ಹಾದು ಶಾಲೆಯ ಪಕ್ಕ ಏರುತ್ತದೆ. ಸಂಜೆಯೊಳಗೆ ಮಾತು ಹೊಸನಗರದ ಕಚೇರಿಗೂ ಮುಟ್ಟೀತು. ಮನೆಯಲ್ಲಿ ಹೆಂಡತಿ ಜಲಜಮ್ಮ ಇದನ್ನು ಕೇಳಿ ಬಾಗಿಲಿಗೆ ಬರುತ್ತಾಳೋ, ಇಲ್ಲವೋ. ಮೇಷ್ಟ್ರು ಇವೆಲ್ಲವನ್ನೂ ಒಂದರ ಕೆಳಗೊಂದು ಇಟ್ಟುಕೊಂಡರು, ಕೂಡಿಸಲಿಲ್ಲ. ಕರಿ ಕೋಟು ಬಿಚ್ಚಿ ಬೇಲಿಯ ಗೂಟಕ್ಕೆ ಹಾಕಿದರು. ತಲೆಯ ಟೋಪಿಯನ್ನು ಅದರ ಮೇಲಿಟ್ಟರು.

ಅಡ್ಡ ಬಂದವನು ಹೂವಪ್ಪ.

"ಬೇಡ. ಇವ್ರ ಹೆಗಲು ನಮ್ಮವ್ವಂಗೆ ಬೇಡ" ಎಂದ. "ಆವತ್ತೇ ಈ ಮಾತು ಆಡಿದ್ರೆ ಅವ್ವ ಉಸಿರಿದ್ದಾಗ ನಾಲ್ಕು ಮನೆ ಜಗಲಿ ಮೇಲೆ ಕೂತು ಬರ್ತಿದ್ಲು. ನನ್ನ ತಂಗಿ ಗಂಡನ ಮನೆಗೆ ಬಸುರಿ ಊಟಕ್ಕೆ ಅಂತ ಅವ್ವ ಹೋದ್ಲು. ಬಾಗ್ಲಲ್ಲೇ ನಿಲ್ಸಿ ಕಳ್ಸಿದ್ರು. ಇನ್ನು ಹೆಗಲು ಕೊಟ್ಟು ಎಂತ ಆಗ್ಬೇಕು ಮೇಷ್ಟ್ರೇ? ಅವ್ಳ ಮೇಲೆ ಹೊರೆ ಹಾಕಿದ್ದು ಸಾಲ್ದಾ?"

ಮೂವತ್ತೊಂದು ವರ್ಷದಲ್ಲಿ ತಾವು ಪ್ರಶ್ನೆ ಕೇಳಿ, ಉತ್ತರ ಬಾರದೆ ನಿಂತ ಮಕ್ಕಳನ್ನು ಮೇಷ್ಟ್ರು ಬಹಳ ನೋಡಿದ್ದರು. ಹಾಗೆ ನಿಲ್ಲುವುದು ಎಷ್ಟು ಉದ್ದದ ಕೆಲಸವೆಂದು ಈಗ ತಿಳಿಯಿತು.

ಮಾತಾಡಿದವಳು ಕನ್ನಮ್ಮ. ಜಗಲಿಯಿಂದ ಏಳದೆಯೇ ಹೇಳಿದಳು. "ಬೇಕು ಬೇಡ ಅನ್ನೋಕೆ ನಮ್ಮತ್ರ ಎಷ್ಟು ಹೆಗಲಿದಾವೆ? ಬೆಳಗಿಂದ ನೊಣ ಓಡಿಸ್ತಾ ಕೂತಿದೀನಿ. ಹೊತ್ತು ಇಳಿಯೋದ್ರೊಳಗೆ ಅತ್ತೆ ಹೋಗ್ಬೇಕು. ಸಿಟ್ಟು ಇಟ್ಕೊ, ನಾಳೆಗೂ ಬರುತ್ತೆ. ಅತ್ತೆ ನಾಳೆಗೆ ಇರಲ್ಲ."

"ಸೊಸೆ ಅಂದ್ರೆ ಇವ್ಳು" ಎಂದಳು ಮಾಸ್ತಮ್ಮ, ಕುಟ್ಟಾಣಿಯಿಂದ ಕಣ್ಣೆತ್ತದೆ.

ಹೂವಪ್ಪ ಪಕ್ಕಕ್ಕೆ ಸರಿದ. ದಾರಿ ಬಿಟ್ಟನೇ ಹೊರತು ಮೇಷ್ಟ್ರ ಕಡೆ ನೋಡಲಿಲ್ಲ.

ಸ್ನಾನ ಮಾಡಿಸಿದರು. ಬಾಯಿಗೆ ಅಕ್ಕಿ ಹಾಕಿದರು. ಚಟ್ಟವನ್ನು ಜಗಲಿಯ ಅಂಚಿಗೆ ಎಳೆದು ದೇಹವನ್ನು ಮಲಗಿಸಿ ಕಟ್ಟಿದರು. ಹೂವಪ್ಪ ಮುಂದಿನ ಎಡಕ್ಕೆ ಹೆಗಲು ಕೊಟ್ಟ, ಬೆಳ್ಳಪ್ಪ ಹಿಂದಿನ ಎಡಕ್ಕೆ. ಮುಂದಿನ ಬಲಕ್ಕೆ ಮೇಷ್ಟ್ರು ಬಗ್ಗಿದರು. ಹಸಿ ಬಿದಿರು ಕತ್ತಿನ ಬುಡಕ್ಕೆ ಒತ್ತಿತು. ಮೂರು ಮೂಲೆ ಮೇಲೆದ್ದವು. ನಾಲ್ಕನೆಯದು ಜಗಲಿಯ ಮೇಲೇ ಉಳಿಯಿತು. ಭಾರವೆಲ್ಲ ಅತ್ತ ಜಾರತೊಡಗಿತು.

"ಅವಳು ನನ್ನ ಮಾತಿನ ಮೇಲೆ ಹಾಕಿದಳು" ಎಂದರು ಮೇಷ್ಟ್ರು. ತರಗತಿಯ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲೇ ಹೇಳಿದರು. "ಗೊತ್ತಿರಲಿಲ್ಲ ಎಂದದ್ದು ಸುಳ್ಳು. ಆ ಸುಳ್ಳು ನನ್ನದು."

ಯಾರೂ ಅಲುಗಲಿಲ್ಲ. ಬೆಳ್ಳಪ್ಪನ ಉಸಿರು ಕೇಳಿಸುತ್ತಿತ್ತು. ಆಗ ಸೀತಾರಾಮಪ್ಪ ನೆಲಕ್ಕೆ ಕೈಯೂರಿ ಎದ್ದ. ಪಂಚೆಯನ್ನು ಎತ್ತಿ ಕಟ್ಟಿದ. ಉಣುಗೋಲು ದಾಟಿ ಒಳಗೆ ಬಂದು, ಮಡಚದ ಎರಡು ಬೆರಳನ್ನು ಬಿದಿರಿನ ಕೆಳಗೆ ತೂರಿಸಿ, ನಾಲ್ಕನೆಯ ಮೂಲೆಯನ್ನು ಎತ್ತಿದ.

"ನಡೀರಿ" ಎಂದ.

ಹಿಂದೆ ಹತ್ತು ಜನರ ಹೆಜ್ಜೆಯ ಸದ್ದು ಕೇಳಿಸಿತು.

ಗೌಡರ ಮನೆಯ ಮುಂದೆ ಹಾದು ಹೋಗುವಾಗ ವಾಸಪ್ಪಗೌಡರು ಜಗಲಿಯಲ್ಲಿದ್ದರು. ಎದ್ದು ನಿಂತರು, ಹೊತ್ತವರು ಯಾರೆಂದು ಕಂಡ ಮೇಲೆ ಒಳಗೆ ಹೋದರು. ಬಾಗಿಲು ಹಾಕಿದ ಸದ್ದು ಬಂತು. ಸೀತಾರಾಮಪ್ಪ ಹಿಂದಿನಿಂದ, "ಹೆಜ್ಜೆ ಸಣ್ಣಕೆ ಇಡಿ ಮೇಷ್ಟ್ರೇ, ಏರು ಬಂತು" ಎಂದ.

ಏರಿನ ತಲೆಯಲ್ಲಿ ಶಾಲೆ. ಮೂರೂವರೆಯ ಬಿಡುವಿಗೆ ಮಕ್ಕಳು ಅಂಗಳದ ಮಣ್ಣಿನಲ್ಲಿ ಕುಳಿತು ಆಡುತ್ತಿದ್ದರು. ಚಟ್ಟ ಕಂಡೊಡನೆ ಸಹಾಯಕ ಮೇಷ್ಟ್ರು ಅವರನ್ನು ಒಳಗೆ ಕರೆಯಲು ಬಾಗಿಲಿಗೆ ಬಂದರು. ಅಷ್ಟರಲ್ಲಿ ಮಕ್ಕಳು ಹೆಡ್ಮೇಷ್ಟ್ರನ್ನು ಕಂಡಿದ್ದರು. ಕೋಟು ಟೋಪಿ ಇಲ್ಲದ ಅವರನ್ನು ಗುರುತಿಸಲು ಕ್ಷಣ ಹೊತ್ತು ಹಿಡಿಯಿತು. ಆಮೇಲೆ ಒಂದು ಮಗು ಎದ್ದಿತು. ಅದರ ಹಿಂದೆ ಎಲ್ಲವೂ ಎದ್ದವು.

"ನಮಸ್ಕಾರ ಸಾರ್" ಎಂದು ಮೂವತ್ತು ನಲವತ್ತು ಬಾಯಿ ಒಟ್ಟಿಗೆ ಎಳೆದು ಹೇಳಿದವು.

ಹೆಡ್ಮೇಷ್ಟ್ರು ಕೈಸನ್ನೆ ಮಾಡುವವರೆಗೆ ಯಾರೂ ಕೂರಬಾರದು ಎಂಬುದು ಶಾಲೆಯ ನಿಯಮ. ಮೇಷ್ಟ್ರ ಎರಡು ಕೈಯೂ ಬಿದಿರಿನ ಮೇಲಿದ್ದವು. ಗುತ್ಯಮ್ಮ ತಿರುವು ದಾಟಿ ಮರೆಯಾಗುವವರೆಗೂ ಮಕ್ಕಳು ನಿಂತೇ ಇದ್ದರು.